ಲೂಪಸ್ ಏರುವುದೇಕೆ, ಇಳಿಯುವುದೇಕೆ? ಕತೆಗಾರ್ತಿ ಫ್ಲ್ಯಾನರಿ ಓಕಾನರ್ ಬದುಕಿನಲ್ಲಿದೆ ಉತ್ತರ

ಇಮ್ಯುನಿಟಿ ಕಡಿಮೆಯಾದರೆ ಕಾಯಿಲೆ, ಜಾಸ್ತಿಯಾದರೆ ಆರೋಗ್ಯ. ಕಷಾಯದ ಫಾರ್ವರ್ಡ್‌ಗಳಿಂದ ಹಿಡಿದು ಪುಡಿ, ಮಾತ್ರೆಗಳ ಜಾಹೀರಾತಿನವರೆಗೆ ಎಲ್ಲರೂ ಹೇಳುವುದು ಇದನ್ನೇ. ಆದರೆ ಈ ಲೆಕ್ಕ ತಲೆಕೆಳಗಾಗುವ ಕಾಯಿಲೆಗಳೂ ಇವೆ. ಲೂಪಸ್ ಅವುಗಳಲ್ಲೊಂದು. ಇಲ್ಲಿ ರೋಗನಿರೋಧಕ ವ್ಯವಸ್ಥೆ ಸುಸ್ತಾಗಿ ಕೂತಿರುವುದಿಲ್ಲ, ಬದಲಿಗೆ ಹಗಲೂ ರಾತ್ರಿ ದುಡಿಯುತ್ತಿರುತ್ತದೆ. ದುಡಿಯುವುದು ಮಾತ್ರ ತನ್ನದೇ ಮೈಯ ವಿರುದ್ಧ.

ಈ ಕಾಯಿಲೆಯ ಇನ್ನೊಂದು ಗುಣ, ಅದು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. ಸುಮ್ಮನಿದ್ದಾಗ ವಾಸಿಯಾಯಿತು ಎಂದುಕೊಳ್ಳುತ್ತೇವೆ. ಕೆರಳಿದಾಗ ಹಿಂದಿನ ದಿನ ತಿಂದ ಬದನೆಕಾಯಿಯನ್ನು ಬೈಯುತ್ತೇವೆ. ಈ ಏರಿಳಿತದ ಹಿಂದೆ ಯಾವ ಕೋಶಗಳು, ಯಾವ ಪ್ರೋಟೀನ್‌ಗಳು ಇವೆ ಎಂದು ತಿಳಿಯಲು ಒಬ್ಬ ಕತೆಗಾರ್ತಿಯ ಬದುಕನ್ನು ನೋಡೋಣ. ಅಮೆರಿಕದ ಜಾರ್ಜಿಯಾ ರಾಜ್ಯದ ಫ್ಲ್ಯಾನರಿ ಓಕಾನರ್ ಲೂಪಸ್ ಜೊತೆ 13 ವರ್ಷ ಬದುಕಿದರು. ಅವರ ಪುಸ್ತಕಗಳೆಲ್ಲ ಹೊರಬಂದಿದ್ದು ಕಾಯಿಲೆ ಶುರುವಾದ ಮೇಲೆಯೇ.

ಅಪ್ಪನನ್ನು ಕೊಂಡೊಯ್ದ ಕಾಯಿಲೆ

ಫ್ಲ್ಯಾನರಿ ಹುಟ್ಟಿದ್ದು 1925ರ ಮಾರ್ಚ್ 25ರಂದು, ಜಾರ್ಜಿಯಾದ ಸವಾನಾ ಊರಿನಲ್ಲಿ. ಎಡ್ವರ್ಡ್ ಮತ್ತು ರೆಜಿನಾ ದಂಪತಿಗೆ ಒಬ್ಬಳೇ ಮಗಳು. ಚಿಕ್ಕಂದಿನಿಂದಲೂ ಕೋಳಿಗಳ ಹುಚ್ಚು. ಹಿಂದಕ್ಕೆ ನಡೆಯುವ ಒಂದು ಕೋಳಿ ಅವರ ಬಳಿ ಇತ್ತು. ಅದನ್ನು ಚಿತ್ರಿಸಲು ಪಾಥೆ ಸುದ್ದಿಚಿತ್ರದವರು ಮನೆಗೇ ಬಂದಿದ್ದರು. ಇಂದಿನ ಲೆಕ್ಕದಲ್ಲಿ ವೈರಲ್ ವಿಡಿಯೋ ಅನ್ನಬಹುದು.

ಅಪ್ಪ ಎಡ್ವರ್ಡ್‌ಗೆ ಲೂಪಸ್ ಬಂತು. ಆಗ ಅದಕ್ಕೆ ಔಷಧ ಎಂಬುದೇ ಇರಲಿಲ್ಲ. 1941ರ ಫೆಬ್ರವರಿ 1ರಂದು ಅವರು ತೀರಿಕೊಂಡರು. ಮಗಳಿಗೆ ಆಗ 15 ವರ್ಷ.

ಇಲ್ಲಿ ಒಂದು ಮಾತು. ಲೂಪಸ್ ಹೆಚ್ಚಾಗಿ ಬರುವುದು ಹೆಂಗಸರಿಗೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ, ಅದರಲ್ಲೂ ಹೆರುವ ವಯಸ್ಸಿನವರು. ಹಾಗಾಗಿ ಅಪ್ಪ, ಮಗಳು ಇಬ್ಬರಿಗೂ ಬಂದಿದ್ದು ಅಪರೂಪದ ಸಂಗತಿ. ಇದನ್ನು ಓದಿ ಲೂಪಸ್ ಇರುವ ಅಮ್ಮಂದಿರು ಗಾಬರಿಯಾಗಬೇಕಿಲ್ಲ. ರಕ್ತಸಂಬಂಧಿಗಳಿಗೆ ಇದು ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ನಿಜ. ಆದರೆ ರೋಗಿಗಳ ಮಕ್ಕಳಲ್ಲಿ ಬಹುತೇಕರಿಗೆ ಅದು ಬರುವುದೇ ಇಲ್ಲ. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಏಡ್ಸ್ ಕೂಡ ಅಲ್ಲ. ಏಡ್ಸ್‌ನಲ್ಲಿ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಲೂಪಸ್‌ನಲ್ಲಿ ಅದು ದಾರಿ ತಪ್ಪಿ ಕೆರಳುತ್ತದೆ.

ಕ್ರಿಸ್‌ಮಸ್‌ಗೆ ಊರಿಗೆ ಹೊರಟಾಗ

ಫ್ಲ್ಯಾನರಿ ಮಿಲೆಜ್‌ವಿಲ್ ಊರಿನ ಕಾಲೇಜಿನಲ್ಲಿ 1945ರಲ್ಲಿ ಪದವಿ ಮುಗಿಸಿ, ಅಯೋವಾ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿತರು. ಅಲ್ಲಿಂದ ಉತ್ತರದ ರಾಜ್ಯಗಳಿಗೆ ಹೋದರು. ಕನೆಕ್ಟಿಕಟ್‌ನಲ್ಲಿ ಫಿಟ್ಸ್‌ಜೆರಾಲ್ಡ್ ದಂಪತಿಯ ಮನೆಯಲ್ಲಿ ಬಾಡಿಗೆಗಿದ್ದು ಮೊದಲ ಕಾದಂಬರಿ ಬರೆಯುತ್ತಿದ್ದರು. ಊರಿಗೆ ಮರಳಿ ಅಮ್ಮನ ಜೊತೆ ಇರುವ ಯೋಚನೆ ಅವರಿಗಿರಲಿಲ್ಲ.

1950ರ ಕೊನೆಯಲ್ಲಿ ಟೈಪ್ ಮಾಡಲು ಕೂತರೆ ತೋಳು ಎತ್ತುವುದೇ ಕಷ್ಟವಾಯಿತು. ಸಂಧಿವಾತ ಇರಬಹುದು ಎಂಬ ಅನುಮಾನ ಬಂತು. ಕ್ರಿಸ್‌ಮಸ್‌ಗೆಂದು ಊರಿಗೆ ರೈಲು ಹತ್ತಿದವರು ಇಳಿಯುವಷ್ಟರಲ್ಲಿ ತೀರಾ ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಿದ್ದರು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ವೈದ್ಯರಿಗೆ ಗೊತ್ತಾಗಿದ್ದು ಲೂಪಸ್ ಎಂದು. ಆಗ ಫ್ಲ್ಯಾನರಿಗೆ 25 ವರ್ಷ.

ಅಮ್ಮನಿಗೆ ವಿಷಯ ತಿಳಿಸಲಾಯಿತು. ಮಗಳಿಗೆ ತಿಳಿಸಲಿಲ್ಲ. ಗಂಡನನ್ನು ಕಸಿದುಕೊಂಡ ಅದೇ ಕಾಯಿಲೆಯ ಹೆಸರನ್ನು ಮಗಳಿಗೆ ಹೇಳಲು ರೆಜಿನಾಗೆ ಬಾಯಿ ಬರಲಿಲ್ಲ. ಸಂಧಿವಾತ ಎಂದೇ ಒಂದೂವರೆ ವರ್ಷ ನಂಬಿಸಿದರು. ನಮ್ಮ ಮನೆಗಳಲ್ಲೂ ಇದು ನಡೆಯುತ್ತದೆ. ರೋಗಿಯ ರಿಪೋರ್ಟ್ ರೋಗಿಯನ್ನು ಬಿಟ್ಟು ಮನೆಮಂದಿಯೆಲ್ಲ ನೋಡಿರುತ್ತಾರೆ.

ಆ ಹೊತ್ತಿಗೆ ವಿಜ್ಞಾನಕ್ಕೆ ಲೂಪಸ್ ಬಗ್ಗೆ ಗೊತ್ತಿದ್ದಿದ್ದು ಬಹಳ ಕಡಿಮೆ. ಆದರೆ 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಒಂದು ವಿಚಿತ್ರ ನೋಟ ಕಂಡಿದ್ದರು. ಲೂಪಸ್ ರೋಗಿಗಳ ಮೂಳೆಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ, ಒಂದು ಬಿಳಿರಕ್ತಕಣ ಇನ್ನೊಂದು ಕೋಶದ ಕೇಂದ್ರವನ್ನೇ ನುಂಗಿ ಉಬ್ಬಿ ಕೂತಿತ್ತು. ಅದಕ್ಕೆ ಎಲ್‌ಇ ಕೋಶ ಎಂದು ಹೆಸರಿಟ್ಟರು. ಹೊರಗಿನ ಬ್ಯಾಕ್ಟೀರಿಯಾ ನುಂಗಬೇಕಾದ ಕಣ ತನ್ನ ಮನೆಯವರನ್ನೇ ನುಂಗುತ್ತಿದೆ ಎಂಬುದು ಕಣ್ಣಿಗೆ ಕಂಡಿತ್ತು. ಏಕೆ ಎಂಬುದು ತಿಳಿಯಲು ಇನ್ನೂ ಹಲವು ದಶಕ ಬೇಕಾಯಿತು.

ಕಸ ಗುಡಿಸದ ಬೀದಿ, ತಪ್ಪು ಎಚ್ಚರಿಕೆ

ಈಗ ತಿಳಿದಿರುವುದನ್ನು ಸರಳವಾಗಿ ಹೇಳುತ್ತೇವೆ. ನಮ್ಮ ಮೈಯಲ್ಲಿ ದಿನವೂ ಕೋಟಿಗಟ್ಟಲೆ ಕೋಶಗಳು ಸಾಯುತ್ತವೆ. ಅವುಗಳ ಒಳಗಿನ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ಗುಡಿಸಿ ಹಾಕುವ ಕೋಶಗಳೂ ಇವೆ. ಲೂಪಸ್‌ನಲ್ಲಿ ಈ ಗುಡಿಸುವ ಕೆಲಸ ನಿಧಾನ. ಕಸ ಬೀದಿಯಲ್ಲೇ ಉಳಿಯುತ್ತದೆ. ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಸಾಯುವಾಗ ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಕ್ಕೆ ಎಸೆಯುತ್ತವೆ. ಬ್ಯಾಕ್ಟೀರಿಯಾ ಹಿಡಿಯಲು ಇರುವ ಈ ತಂತ್ರವನ್ನು ವಿಜ್ಞಾನಿಗಳು ಗುರುತಿಸಿದ್ದು 2004ರಲ್ಲಿ. ಲೂಪಸ್ ರೋಗಿಗಳಲ್ಲಿ ಈ ಬಲೆಗಳು ಬೇಗ ಕರಗುವುದಿಲ್ಲ.

ವೈರಸ್‌ಗಳೂ ಡಿಎನ್‌ಎ, ಆರ್‌ಎನ್‌ಎಗಳ ಪೊಟ್ಟಣಗಳೇ. ಅವನ್ನು ಮೂಸಿ ನೋಡಿ ಕೂಗುವ ಕಾವಲುಗಾರ ಕೋಶ ಒಂದಿದೆ, ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶ ಎಂದು ಅದರ ಉದ್ದದ ಹೆಸರು. ರಕ್ತದಲ್ಲಿ ಇವುಗಳ ಸಂಖ್ಯೆ ತೀರಾ ಕಡಿಮೆ. ಕೂಗಿದರೆ ಮಾತ್ರ ಊರೇ ಎದ್ದು ಕೂರುತ್ತದೆ. ಆ ಕೂಗಿನ ಹೆಸರು ಇಂಟರ್‌ಫೆರಾನ್. ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನ್ ಇದು. ವೈರಸ್ ಬಂದಿದೆ, ಎಲ್ಲರೂ ಸಿದ್ಧರಾಗಿ ಎಂಬುದು ಅದರ ಸುದ್ದಿ. ಲೂಪಸ್‌ನಲ್ಲಿ ಕಾವಲುಗಾರ ಮನೆಯ ಕಸವನ್ನೇ ವೈರಸ್ ಎಂದು ತಿಳಿದು ಕೂಗುತ್ತಾನೆ. ನಮ್ಮ ಓದುಗರಿಗೆ ಅರ್ಥವಾಗುವಂತೆ ಹೇಳುವುದಾದರೆ, ಇಂಟರ್‌ಫೆರಾನ್ ಇಲ್ಲಿ ಪರಿಶೀಲಿಸದೆ ಹಂಚಿದ ಫಾರ್ವರ್ಡ್.

ಸುದ್ದಿ ಕೇಳಿದ ಟಿ ಕೋಶಗಳು ಬಿ ಕೋಶಗಳನ್ನು ಹುರಿದುಂಬಿಸುತ್ತವೆ. ಬ್ಯಾಫ್ ಎಂಬ ಇನ್ನೊಂದು ಪ್ರೋಟೀನ್, ಸಾಯಬೇಕಾದ ಬಿ ಕೋಶಗಳನ್ನೂ ಬದುಕಿಸಿ ಇಡುತ್ತದೆ. ಈ ಬಿ ಕೋಶಗಳು ಪ್ರತಿಕಾಯ ತಯಾರಿಸುವ ಕಾರ್ಖಾನೆಗಳಾಗುತ್ತವೆ. ತಯಾರಾಗುವುದು ನಮ್ಮದೇ ಡಿಎನ್‌ಎಗೆ ಅಂಟಿಕೊಳ್ಳುವ ಪ್ರತಿಕಾಯಗಳು. ಪ್ರತಿಕಾಯವೂ ಡಿಎನ್‌ಎಯೂ ಸೇರಿ ಗಂಟುಗಳಾಗಿ ರಕ್ತದಲ್ಲಿ ತೇಲಿ, ಚರ್ಮದಲ್ಲಿ, ಕೀಲಿನಲ್ಲಿ, ಮುಖ್ಯವಾಗಿ ಕಿಡ್ನಿಯ ಸಣ್ಣ ಜರಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳ ಗುಂಪು ಬಂದು ಉರಿಯೂತ ಎಬ್ಬಿಸುತ್ತದೆ. ಉರಿಯೂತದಿಂದ ಇನ್ನಷ್ಟು ಕೋಶಗಳು ಸಾಯುತ್ತವೆ. ಇನ್ನಷ್ಟು ಕಸ, ಇನ್ನಷ್ಟು ಕೂಗು.

ಲೂಪಸ್ ಕೆರಳುವುದು ಅಂದರೆ ಈ ಚಕ್ರ ಜೋರಾಗಿ ತಿರುಗುವುದು. ಸುಮ್ಮನಾಗುವುದು ಅಂದರೆ ಚಕ್ರ ನಿಧಾನವಾಗುವುದು. ನಿಧಾನವಾದರೂ ಚಕ್ರ ಅಲ್ಲೇ ಇರುತ್ತದೆ.

ಹಂದಿಯ ಗ್ರಂಥಿಯಿಂದ ಬಂದ ಚುಚ್ಚುಮದ್ದು

ಅಪ್ಪನಿಗೆ ಸಿಗದ ಒಂದು ವಸ್ತು ಮಗಳಿಗೆ ಸಿಕ್ಕಿತು. ಅದರ ಹೆಸರು ಎಸಿಟಿಎಚ್. ಹಂದಿಗಳ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದ ಹಾರ್ಮೋನು. ಇದನ್ನು ಚುಚ್ಚಿದರೆ ನಮ್ಮ ಅಡ್ರಿನಲ್ ಗ್ರಂಥಿ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ. ಕಾರ್ಟಿಸಾಲ್ ಮೈಯ ಸ್ವಂತ ಸ್ಟೀರಾಯ್ಡ್. ಅದು ಕೋಶಗಳ ಒಳಹೊಕ್ಕು, ಉರಿಯೂತದ ಸಂದೇಶ ಸಾರುವ ಅನೇಕ ಪ್ರೋಟೀನ್‌ಗಳ ತಯಾರಿಯನ್ನು ತಗ್ಗಿಸುತ್ತದೆ. ಸಂಧಿವಾತದ ರೋಗಿಗಳ ಮೇಲೆ ಕಾರ್ಟಿಸೋನಿನ ಪರಿಣಾಮ ತೋರಿಸಿದ ಕೆಲಸಕ್ಕೆ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂದಿದ್ದು 1950ರಲ್ಲಿ, ಫ್ಲ್ಯಾನರಿ ಕಾಯಿಲೆ ಬಿದ್ದ ಅದೇ ವರ್ಷ. ಹತ್ತು ವರ್ಷ ಮೊದಲು ಇದ್ದಿದ್ದರೆ ಎಡ್ವರ್ಡ್ ಕೂಡ ಇನ್ನಷ್ಟು ಕಾಲ ಬದುಕುತ್ತಿದ್ದರೇನೋ.

ಔಷಧ ಪ್ರಾಣ ಉಳಿಸಿತು. ಆದರೆ ಮುಖ ಚಂದ್ರನಂತೆ ಊದಿಕೊಂಡಿತು, ಕೂದಲು ಉದುರಿತು. ಊಟದಲ್ಲಿ ಉಪ್ಪು ಬಂದ್ ಆಯಿತು. ಫ್ಲ್ಯಾನರಿ ತಾವೇ ಚುಚ್ಚಿಕೊಳ್ಳುವುದನ್ನು ಕಲಿತರು. ಮಹಡಿ ಹತ್ತಲು ಆಗದ ಕಾರಣ ಅಮ್ಮ, ಮಗಳು ಮಿಲೆಜ್‌ವಿಲ್ ಹೊರಗಿನ ತಮ್ಮ ಹೈನು ಜಮೀನು ಆಂಡಲೂಸಿಯಾಕ್ಕೆ ಬಂದರು. ಅಲ್ಲಿ ನೆಲಮಹಡಿಯ ಕೋಣೆಯೇ ಮಲಗುವ ಕೋಣೆ, ಅದೇ ಬರೆಯುವ ಕೋಣೆ.

ಸತ್ಯ ಗೊತ್ತಾಗಿದ್ದು 1952ರ ಬೇಸಿಗೆಯಲ್ಲಿ. ಮೈ ಸ್ವಲ್ಪ ಸುಧಾರಿಸಿ, ಕನೆಕ್ಟಿಕಟ್‌ನ ಗೆಳೆಯರ ಮನೆಗೆ ಹೋಗಿದ್ದರು. ಗೆಳತಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಕಾಯಿಲೆಯ ನಿಜವಾದ ಹೆಸರು ಹೇಳಿದರು. ಫ್ಲ್ಯಾನರಿ ಕುಸಿಯಲಿಲ್ಲ. ಅನುಮಾನ ಮೊದಲೇ ಇತ್ತು. ಉತ್ತರದಲ್ಲಿ ಬದುಕು ಕಟ್ಟುವ ಯೋಚನೆ ಬಿಟ್ಟು ಜಾರ್ಜಿಯಾದಲ್ಲೇ ಉಳಿಯಲು ತೀರ್ಮಾನಿಸಿದರು. ಸ್ಯಾಲಿ ಮಾಡಿದ್ದು ಸರಿ ಎಂದೇ ನಮ್ಮ ಅನಿಸಿಕೆ. ಸಂಧಿವಾತ ಎಂದುಕೊಂಡವರು ಕೀಲುನೋವು ಕಡಿಮೆಯಾದ ಕೂಡಲೇ ಔಷಧ ಬಿಡಬಹುದು, ಬಿಸಿಲಿಗೆ ಹೋಗಬಹುದು. ಲೂಪಸ್ ಎಂದು ಗೊತ್ತಿದ್ದವರು ಹಾಗೆ ಮಾಡಲಾರರು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶ ಅಂದರೆ ಮತ್ತೆ ಕಸ, ಮತ್ತೆ ಅದೇ ಕೂಗು.

ಅದೇ ಪ್ರವಾಸದಲ್ಲಿ ಅವರಿಗೆ ವೈರಸ್ ಸೋಂಕೂ ತಗುಲಿತು. ಊರಿಗೆ ಮರಳಿದ ಮೇಲೆ ಲೂಪಸ್ ಮತ್ತೆ ಕೆರಳಿ, ಔಷಧ ಹೆಚ್ಚಿಸಬೇಕಾಯಿತು. ಇಂದು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ವೈರಸ್ ಬಂದಾಗ ಯಾರ ಮೈಯಲ್ಲಾದರೂ ಇಂಟರ್‌ಫೆರಾನ್ ಏರುತ್ತದೆ. ಉಳಿದವರಲ್ಲಿ ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಲೂಪಸ್ ಇರುವವರಲ್ಲಿ ಅದು ಹಳೆಯ ಚಕ್ರಕ್ಕೆ ತಳ್ಳು ಕೊಡಬಹುದು. ಆದರೆ 1952ರಲ್ಲಿ ಯಾವ ವೈದ್ಯರೂ ಹೀಗೆ ವಿವರಿಸಲು ಸಾಧ್ಯವಿರಲಿಲ್ಲ. ಇಂಟರ್‌ಫೆರಾನ್ ಎಂಬ ವಸ್ತುವನ್ನು ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಪತ್ತೆ ಮಾಡಿದ್ದೇ 1957ರಲ್ಲಿ. ಲೂಪಸ್ ರೋಗಿಗಳ ರಕ್ತದಲ್ಲಿ ಅದು ಹೆಚ್ಚಿದೆ ಎಂದು ಗೊತ್ತಾಗಿದ್ದು 1979ರಲ್ಲಿ.

ದಿನಕ್ಕೆ ಮೂರು ಗಂಟೆ

ಫ್ಲ್ಯಾನರಿ ತಮ್ಮ ಶಕ್ತಿಯ ಲೆಕ್ಕ ಇಟ್ಟುಕೊಂಡರು. ಬೆಳಿಗ್ಗೆ ಎರಡು ಮೂರು ಗಂಟೆ ಬರವಣಿಗೆ. ಅದಕ್ಕಿಂತ ಹೆಚ್ಚು ಮೈ ಒಪ್ಪುತ್ತಿರಲಿಲ್ಲ. ಮಧ್ಯಾಹ್ನ ಪತ್ರಗಳು, ಅತಿಥಿಗಳು, ಹಕ್ಕಿಗಳು. ಬಾತುಕೋಳಿ, ಹಂಸಗಳ ಜೊತೆ ನವಿಲುಗಳನ್ನೂ ತರಿಸಿದರು. ನಮ್ಮ ರಾಷ್ಟ್ರಪಕ್ಷಿ ಜಾರ್ಜಿಯಾದ ಅಂಗಳದಲ್ಲಿ ಹತ್ತಾರಾಗಿ ಬೆಳೆದು, ರೆಜಿನಾ ಹಾಕಿದ ಹೂಗಿಡಗಳನ್ನೆಲ್ಲ ತಿಂದು ಮುಗಿಸಿತು.

'ವೈಸ್ ಬ್ಲಡ್' ಕಾದಂಬರಿ 1952ರಲ್ಲಿ, ಮೊದಲ ಕಥಾಸಂಕಲನ 1955ರಲ್ಲಿ, ಎರಡನೆಯ ಕಾದಂಬರಿ 1960ರಲ್ಲಿ ಬಂದವು.

1955ರಲ್ಲಿ ಸೊಂಟದ ನೋವು ಹೆಚ್ಚಿ ಊರುಗೋಲು ಹಿಡಿಯಬೇಕಾಯಿತು. ತೊಡೆಮೂಳೆಯ ತುದಿಗೆ ರಕ್ತ ಸಾಲದೆ ಅದು ಸವೆಯತೊಡಗಿತ್ತು. ಇಂದು ಮೂಳೆ ಡಾಕ್ಟರುಗಳು ಎವಿಎನ್ ಎನ್ನುತ್ತಾರಲ್ಲ, ಅಂಥದ್ದು. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಇದಕ್ಕೆ ದೊಡ್ಡ ಕಾರಣ, ಲೂಪಸ್ ಕೂಡ ಕಾರಣವಾಗಬಲ್ಲದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಟೀರಾಯ್ಡ್ ವಿಷ, ಇಂದೇ ನಿಲ್ಲಿಸಿ ಎಂಬ ಫಾರ್ವರ್ಡ್ ನಂಬಿ ಮಾತ್ರೆ ಬಿಡಬೇಡಿ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡ ಮೈಯಲ್ಲಿ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಪ್ರಮಾಣ ಇಳಿಸುವುದು ವೈದ್ಯರ ಕೆಲಸ, ಮೆಲ್ಲಗೆ ಆಗಬೇಕಾದ್ದು.

1958ರಲ್ಲಿ ವಯಸ್ಸಾದ ಸಂಬಂಧಿಯೊಬ್ಬರು ಖರ್ಚು ಹಾಕಿ ಫ್ಲ್ಯಾನರಿಯನ್ನು ಫ್ರಾನ್ಸಿನ ಲೂರ್ದ್‌ಗೆ ಕಳಿಸಿದರು. ಅಲ್ಲಿನ ಚಿಲುಮೆಯ ನೀರಿನಲ್ಲಿ ಮಿಂದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದು ಕ್ಯಾಥೊಲಿಕರಲ್ಲಿ ಹಲವರ ನಂಬಿಕೆ. ಫ್ಲ್ಯಾನರಿ ದೈವಭಕ್ತೆಯೇ, ಆದರೆ ಮೀಯಲು ಮನಸ್ಸಿರಲಿಲ್ಲ. ಒತ್ತಾಯಕ್ಕೆ ಮಿಂದರು. ಕಾಲು ಸರಿಯಾಗಲಿ ಎಂದಲ್ಲ, ಬರೆಯುತ್ತಿದ್ದ ಕಾದಂಬರಿ ಮುಗಿಯಲಿ ಎಂದು ಪ್ರಾರ್ಥಿಸಿದರು. ಅದೇ ವರ್ಷದ ಕೊನೆಗೆ ಸೊಂಟದ ಮೂಳೆ ಗಟ್ಟಿಯಾಗುತ್ತಿದೆ ಎಂದು ವೈದ್ಯರು ಹೇಳಿದರು. ಮನೆಯವರಿಗೆ ಇನ್ನೇನು ಬೇಕು? ಆದರೆ ಆ ಸುಧಾರಣೆ ನಿಲ್ಲಲಿಲ್ಲ. ಊರುಗೋಲು ಕೊನೆಯವರೆಗೂ ಬಿಡಲಿಲ್ಲ.

ನಂಬಿಕೆಯನ್ನು ಅಳೆಯುವುದು ನಮ್ಮ ಕೆಲಸವಲ್ಲ. ಏರಿಳಿಯುವ ಕಾಯಿಲೆಯಲ್ಲಿ ಒಂದು ಮೋಸ ಇದೆ ಎಂದು ಮಾತ್ರ ಹೇಳುತ್ತೇವೆ. ಜನ ಹೊಸ ಮದ್ದು ಹುಡುಕುವುದು ಕಷ್ಟ ತುತ್ತತುದಿಗೆ ಏರಿದಾಗ. ತುದಿಗೆ ಏರಿದ್ದು ಮುಂದೆ ಹೇಗೂ ಸ್ವಲ್ಪ ಇಳಿಯುತ್ತದೆ. ಇಳಿದ ಕೀರ್ತಿ ಆ ವಾರ ಕುಡಿದ ಕಷಾಯಕ್ಕೋ, ಕಟ್ಟಿಸಿಕೊಂಡ ತಾಯಿತಕ್ಕೋ ಹೋಗುತ್ತದೆ. ಮತ್ತೆ ಏರಿದಾಗ ಆ ವಿಡಿಯೋ ಕಳಿಸಿದವರು ಸಿಗುವುದಿಲ್ಲ. ಇಮ್ಯುನಿಟಿ ಬೂಸ್ಟರ್‌ಗಳಂತೂ ಇಲ್ಲಿ ಉಪಕಾರಿಯಲ್ಲ. ಆರೋಗ್ಯದ ಹೆಸರಲ್ಲಿ ಮಾರುವ ಆಲ್ಫಾಲ್ಫಾ ಮೊಳಕೆಯನ್ನು, ಅಂದರೆ ನಮ್ಮಲ್ಲಿ ದನಗಳಿಗೆ ಹಾಕುವ ಕುದುರೆ ಮಸಾಲೆಯ ಮೊಳಕೆಯನ್ನು, ಲೂಪಸ್ ಇರುವವರು ತಿನ್ನಬಾರದೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿರುವ ಒಂದು ಅಮೈನೋ ಆಮ್ಲ ಕಾಯಿಲೆಯನ್ನು ಕೆರಳಿಸಬಲ್ಲದು.

ಮಲೇರಿಯಾ ಔಷಧ ಎಂದೇ ಹೆಸರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅಮೆರಿಕದಲ್ಲಿ ಬಂದಿದ್ದು 1955ರಲ್ಲಿ. ಡಿಎನ್‌ಎ, ಆರ್‌ಎನ್‌ಎ ಮೂಸುವ ಕಾವಲುಗಾರರ ಮೂಗನ್ನು ಅದು ಸ್ವಲ್ಪ ಮಂದ ಮಾಡುತ್ತದೆ. ಇಂದಿಗೂ ಲೂಪಸ್ ಚಿಕಿತ್ಸೆಯ ಅಡಿಪಾಯ ಅದೇ. 2020ರಲ್ಲಿ ಕೋವಿಡ್‌ಗೆ ಮದ್ದು ಎಂಬ ಸುದ್ದಿ ಹಬ್ಬಿ ಜನ ಅದನ್ನು ಕೊಂಡು ಮನೆಯಲ್ಲಿಟ್ಟರು. ಲೂಪಸ್ ರೋಗಿಗಳು ಔಷಧ ಅಂಗಡಿಯಿಂದ ಅಂಗಡಿಗೆ ಅಲೆದರು. ಕೋವಿಡ್‌ಗೆ ಅದು ಕೆಲಸ ಮಾಡುವುದಿಲ್ಲ ಎಂದು ಆಮೇಲೆ ದೊಡ್ಡ ಪ್ರಯೋಗಗಳು ತೋರಿಸಿದವು.

1964

ಆ ವರ್ಷ ಗರ್ಭಕೋಶದ ಗಡ್ಡೆಯಿಂದ ಫ್ಲ್ಯಾನರಿಯ ರಕ್ತ ತೀರಾ ಕಡಿಮೆಯಾಗಿತ್ತು. ಆಪರೇಷನ್ ಮಾಡಿದರೆ ಲೂಪಸ್ ಕೆರಳಬಹುದು, ಮಾಡದಿದ್ದರೆ ರಕ್ತಹೀನತೆ. ಫೆಬ್ರವರಿ ಕೊನೆಯಲ್ಲಿ ಆಪರೇಷನ್ ಆಯಿತು. ಗಡ್ಡೆ ತೆಗೆದರು. ಕೆಲವೇ ವಾರಗಳಲ್ಲಿ ಸೋಂಕು, ಜೊತೆಗೆ ಲೂಪಸ್ ಹಿಂದೆಂದೂ ಇಲ್ಲದಷ್ಟು ಜೋರಾಗಿ ಮರಳಿತು. ಈ ಬಾರಿ ಕಿಡ್ನಿಗೆ.

ಅಟ್ಲಾಂಟಾದ ಆಸ್ಪತ್ರೆಯಲ್ಲಿ ಮಲಗಿ, ಬರೆಯಬಾರದೆಂದು ಹೇಳಿದ್ದರೂ, ಕತೆಯ ಹಾಳೆಗಳನ್ನು ದಿಂಬಿನ ಕೆಳಗೆ ಬಚ್ಚಿಟ್ಟು ತಿದ್ದಿದರು. ಕೊನೆಯ ಕತೆಗಳಲ್ಲಿ ಎರಡು ಹೀಗೆ ಮುಗಿದವು. ಜೂನ್‌ನಲ್ಲಿ ಮನೆಗೆ ಬಂದರು. 1964ರ ಆಗಸ್ಟ್ 3ರಂದು ಮಿಲೆಜ್‌ವಿಲ್‌ನ ಆಸ್ಪತ್ರೆಯಲ್ಲಿ ಕಿಡ್ನಿ ವೈಫಲ್ಯದಿಂದ ತೀರಿಕೊಂಡರು. ವಯಸ್ಸು 39.

ಇಂದಿನ ರೋಗಿಗೆ ಇಂಥ ಆಪರೇಷನ್ ಬೇಕಾದರೆ ವೈದ್ಯರು ಮೊದಲು ನೋಡುವುದು ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು. ಅದಕ್ಕೆ ರಕ್ತ, ಮೂತ್ರದ ಪರೀಕ್ಷೆಗಳಿವೆ. ಡಿಎನ್‌ಎ ವಿರುದ್ಧದ ಪ್ರತಿಕಾಯ ಏರುತ್ತಿದೆಯೇ? ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಇಳಿಯುತ್ತಿವೆಯೇ? ಇವು ಇಳಿದರೆ ಒಳ್ಳೆಯ ಸುದ್ದಿಯಲ್ಲ, ಒಳಗೆ ಖರ್ಚಾಗುತ್ತಿವೆ ಎಂದರ್ಥ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ? ಕಿಡ್ನಿಯ ಲೂಪಸ್ ಶುರುವಿನಲ್ಲಿ ನೋಯುವುದಿಲ್ಲ, ಮೂತ್ರ ನೊರೆನೊರೆಯಾಗುವುದೇ ಕೆಲವೊಮ್ಮೆ ಮೊದಲ ಸುಳಿವು. ಇವೆಲ್ಲವನ್ನೂ ರೋಗಲಕ್ಷಣಗಳ ಜೊತೆ ಕೂಡಿಸಿ ಅಂಕ ಕೊಡುವ ಸ್ಲೆಡೈ ಎಂಬ 24 ಅಂಶಗಳ ಪಟ್ಟಿಯೂ ಇದೆ. ಎಎನ್‌ಎ ಪರೀಕ್ಷೆ ಒಂದೇ ಪಾಸಿಟಿವ್ ಬಂದರೆ ಲೂಪಸ್ ಎಂದಲ್ಲ. ಆರೋಗ್ಯವಂತರಲ್ಲೂ ಅನೇಕರಿಗೆ ಅದು ಪಾಸಿಟಿವ್ ಬರುತ್ತದೆ.

ಔಷಧಗಳೂ ಈಗ ಚಕ್ರದ ಒಂದೊಂದು ಹಲ್ಲನ್ನೇ ಹಿಡಿಯುತ್ತವೆ. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಲಿಮುಮ್ಯಾಬ್, ಬಿ ಕೋಶ ಸಾಕುವ ಬ್ಯಾಫ್ ಪ್ರೋಟೀನನ್ನು ತಡೆಯುತ್ತದೆ. ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಲೂಪಸ್‌ಗೆಂದೇ ಬಂದ ಹೊಸ ಔಷಧ ಅದು. 2021ರಲ್ಲಿ ಬಂದ ಅನಿಫ್ರೊಲುಮ್ಯಾಬ್, ಇಂಟರ್‌ಫೆರಾನ್ ಕೂಗು ಕೋಶಗಳ ಕಿವಿಗೆ ಬೀಳದಂತೆ ಮಾಡುತ್ತದೆ. ಜರ್ಮನಿಯ ಎರ್ಲಾಂಗನ್‌ನಲ್ಲಿ ರೋಗಿಯದೇ ಟಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಬಿ ಕೋಶಗಳನ್ನು ಅಳಿಸಿಹಾಕುವ ಚಿಕಿತ್ಸೆಯನ್ನು ತೀವ್ರ ಲೂಪಸ್ ಇದ್ದ ಕೆಲವರಿಗೆ ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ. ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಯಾರಾದರೂ ಈಗಲೇ ಮಾರಲು ಬಂದರೆ ನಂಬಬೇಡಿ.

ಫ್ಲ್ಯಾನರಿಯ ಕೊನೆಯ ಕತೆಗಳು 1965ರಲ್ಲಿ ಪುಸ್ತಕವಾದವು. ಸಮಗ್ರ ಕತೆಗಳ ಸಂಪುಟಕ್ಕೆ 1972ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಆಂಡಲೂಸಿಯಾದ ಮನೆ ಈಗ ಅವರು ಓದಿದ ಕಾಲೇಜಿನ ವಶದಲ್ಲಿದೆ, ನೋಡಲು ಹೋಗಬಹುದು. ಗಂಡನನ್ನೂ ಒಬ್ಬಳೇ ಮಗಳನ್ನೂ ಒಂದೇ ಕಾಯಿಲೆಗೆ ಕಳೆದುಕೊಂಡ ರೆಜಿನಾ, ಮಗಳು ಹೋದ ಮೇಲೆ ಮೂವತ್ತು ವರ್ಷ ಬದುಕಿ 1995ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.